ಎರಡನೇ ಹುಡುಗಿಯ ಸರದಿ

ವರಿಗಿಯಾಳ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ಹದಿನಾಲ್ಕು ವರ್ಷ ಅವಳ ಲೆಕ್ಕದ ಪಾಠ ನನಗೆ ಬೇಡವೆಂದರೂ ಕಿವಿಗೆ ಬಿದ್ದಿದೆ. ಅವಳು ಎರಡನೇ ತರಗತಿಗೆ ಲೆಕ್ಕದ ಟೀಚರ್, ನಾನು ಮೂರನೆಯದಕ್ಕೆ ಭಾಷೆ ಕಲಿಸುವವಳು. ನನ್ನ ಮಕ್ಕಳು ಪದ್ಯ ಮರೆತು ಅವಳ ಎರಡು, ನಾಲ್ಕು, ಆರನ್ನು ಗುನುಗುತ್ತ ಕೂತಿರುತ್ತಿದ್ದರು. ಸಿಟ್ಟು ಬಂದು ಗೋಡೆಗೆ ಒಂದು ಗುದ್ದು ಗುದ್ದುತ್ತಿದ್ದೆ. ಅತ್ತಲಿಂದ ಮೂರು ಗುದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಐದು. ಆಮೇಲೆ ಸದ್ದೇ ಇಲ್ಲ. ಈಗ ನಾನು ಏಳು ಗುದ್ದಬೇಕಂತೆ! ನಾನು ಗುದ್ದುವವರೆಗೂ ಅವಳ ಮಕ್ಕಳು ಆಚೆ ಕಿಸಿಕಿಸಿ ನಗುತ್ತಿದ್ದರು.

ನಮ್ಮದು ಮುರಾಂಗಾ ಕಡೆಯ ಕಾಫಿ ದಿಣ್ಣೆ. ಸರ್ಕಾರ ಫೀಸು ತೆಗೆದುಹಾಕಿದ ವರ್ಷ ಶಾಲೆಗೆ ಮಕ್ಕಳು ನುಗ್ಗಿದ್ದೇ ನುಗ್ಗಿದ್ದು. ಅವಳ ಕೋಣೆಯಲ್ಲಿ ತೊಂಬತ್ತನಾಲ್ಕು ಮಕ್ಕಳು, ಹದಿನಾರು ಬೆಂಚು. ಬೇರೆಯವರಾಗಿದ್ದರೆ ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು; ನಾನೂ ಅದನ್ನೇ ಮಾಡಿದೆ, ಸುಳ್ಳೇಕೆ ಹೇಳಲಿ. ವರಿಗಿಯಾಗೆ ಮಾತ್ರ ಬಾಯಿಪಾಠ ಕಂಡರೆ ಆಗುತ್ತಿರಲಿಲ್ಲ. ಐದು, ಹತ್ತು, ಹದಿನೈದು ಎಂದು ರಾಗವಾಗಿ ಹೇಳುವವನನ್ನು ಎಬ್ಬಿಸಿ, "ಮೂವತ್ತೈದರಿಂದ ಹಿಂದಕ್ಕೆ ಬಾ ನೋಡೋಣ" ಎನ್ನುತ್ತಿದ್ದಳು. ಅವನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ.

"ಹಾಡು ಬಂತು, ಲೆಕ್ಕ ಬರ್ಲಿಲ್ಲ. ಕೂತ್ಕೋ ಮರಿ."

ಸಂತೆಮಾಳದ ಅಂಗಡಿಗಳ ಮುಂದೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಆರಿಸಿ ಚೀಲದಲ್ಲಿ ತುಂಬಿ ತರುತ್ತಿದ್ದಳು. ಟೀಚರಮ್ಮ ಹೀಗೆ ನೆಲ ನೋಡಿಕೊಂಡು ಓಡಾಡಿದರೆ ಜನ ಏನೆಂದಾರು ಎಂದು ನಾನೇ ಬೈದಿದ್ದೇನೆ. ಆ ಮುಚ್ಚಳಗಳನ್ನು ನೆಲದ ಮೇಲೆ ಎರಡು, ಪಕ್ಕಕ್ಕೆ ಐದು, ಅದರ ಪಕ್ಕಕ್ಕೆ ಎಂಟು ಎಂದು ಜೋಡಿಸುವಳು. ಮಕ್ಕಳು "ಹನ್ನೊಂದು" ಎಂದು ಕೂಗಲು ಹೊರಟರೆ ಕೈಯೆತ್ತಿ ತಡೆಯುವಳು. "ಮುಂದೇನು ಅನ್ನೋದನ್ನ ಆಮೇಲೆ ಹೇಳಿ. ಇಲ್ಲಿ ಏನಾಗ್ತಿದೆ? ಅದನ್ನ ಮೊದಲು ಹೇಳಿ."

ಹೊಸ ತರಗತಿ ಶುರುವಾಗುವ ಪ್ರತಿ ಜನವರಿ ಅವಳ ಮೊದಲ ಪಾಠದಲ್ಲಿ ಅಂಕಿಯೇ ಇರುತ್ತಿರಲಿಲ್ಲ, ಹೆಸರುಗಳಿರುತ್ತಿದ್ದವು. ನಮ್ಮ ಗಿಕೂಯು ಮನೆಗಳಲ್ಲಿ ಮಗುವಿಗೆ ಹೆಸರು ಹುಡುಕಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೊದಲ ಹುಡುಗಿಗೆ ಅಪ್ಪನ ತಾಯಿಯ ಹೆಸರು, ಎರಡನೆಯವಳಿಗೆ ಅಮ್ಮನ ತಾಯಿಯದು, ಮೂರನೆಯವಳಿಗೆ ಅಪ್ಪನ ಅಕ್ಕನದು, ನಾಲ್ಕನೆಯವಳಿಗೆ ಅಮ್ಮನ ಅಕ್ಕನದು. ಗಂಡುಮಕ್ಕಳಿಗೂ ಹೀಗೇ. ಹೆಸರು ಬಂದರೆ ಆ ಮನುಷ್ಯರೇ ಮರಳಿ ಹುಟ್ಟಿದರು ಎಂದು ಅರ್ಥ. ಅದಕ್ಕೇ ನಮ್ಮ ಗಂಡಸರು ಮೊದಲ ಮಗಳನ್ನು "ಅವ್ವಾ" ಎಂದೇ ಕರೆಯುತ್ತಾರೆ. ಆರು ವರ್ಷದ ಕೂಸಿಗೂ ಇದೆಲ್ಲ ಗೊತ್ತು. ವರಿಗಿಯಾ ಅದನ್ನೇ ಹಿಡಿದುಕೊಂಡಳು.

"ಅಪ್ಪನ ಕಡೆ, ಅಮ್ಮನ ಕಡೆ, ಅಪ್ಪನ ಕಡೆ, ಅಮ್ಮನ ಕಡೆ. ಹಾಗಾದ್ರೆ ಆರನೇ ಹುಡುಗಿ ಯಾರ ಕಡೆ?"

"ಅಮ್ಮನ ಕಡೆ!"

"ಹದಿನೇಳನೇ ಹುಡುಗಿ?"

"ಅಷ್ಟೊಂದು ಹೆತ್ರೆ ಅವರಮ್ಮ ಸತ್ತೇ ಹೋಗ್ತಾಳೆ ಟೀಚರ್!"

ಗೋಡೆಯ ಈಚೆ ನಾನೂ ನಕ್ಕಿದ್ದೆ. ಒಮ್ಮೆ ಒಬ್ಬ ತಾಯಿ ಶಾಲೆಗೇ ಬಂದು ಜಗಳ ತೆಗೆದಳು. ನಮ್ಮಲ್ಲಿ ಮಕ್ಕಳನ್ನು ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ಬೀಳುತ್ತದೆ. "ಎಷ್ಟು ಮಕ್ಕಳು?" ಎಂದು ಕೇಳಿದರೆ "ದೇವರು ಕೊಟ್ಟಷ್ಟು" ಎಂದು ಮಾತು ತಿರುಗಿಸುತ್ತೇವೆ. "ನನ್ನ ಹೊಟ್ಟೇಲಿ ಹುಟ್ಟಿದವರನ್ನ ಎಣಿಸೋಕೆ ನೀನ್ಯಾರೇ?" ಎಂದು ಆಕೆ ಬಾಗಿಲಲ್ಲಿ ನಿಂತು ಕೂಗಿದಳು.

ವರಿಗಿಯಾ ತಣ್ಣಗೆ ಹೇಳಿದಳು: "ಎಣಿಸ್ತಿಲ್ಲ ಕಣವ್ವ. ಸರದಿ ಹೇಳ್ತಿದೀನಿ ಅಷ್ಟೆ. ಸರದಿ ನಿನಗೂ ಬಾಯಿಪಾಠ ಇದೆಯಲ್ಲ?" ಆಕೆ ಗೊಣಗುತ್ತಾ ಹೋದಳು.

ಅವಳ ಮನೆಯ ಸರದಿಯೂ ನಮಗೆಲ್ಲ ಬಾಯಿಪಾಠವೇ. ಗಂಡ ಕಿಬೂಚಿ ಕಾಫಿ ಹಣ್ಣು ಸುಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೊದಲು ಹುಡುಗಿ ಹುಟ್ಟಿತು, ಅತ್ತೆ ಮುಕಾಮಿಯ ಹೆಸರು ಹೋಯಿತು. ಆಮೇಲೆ ಹುಡುಗ, ಮಾವನ ಹೆಸರು. ಇನ್ನು ಎರಡನೇ ಹುಡುಗಿ ಯಾವಾಗ ಎಂದು ನದಿಯಾಚೆಯ ದಿಣ್ಣೆಯಲ್ಲಿ ಒಬ್ಬಳು ಕಾಯುತ್ತ ಕೂತಿದ್ದಳು. ಅವಳು ವರಿಗಿಯಾಳ ತಾಯಿ ನ್ಯಾಕಿಯೊ. ವಿಧವೆ, ಬುಟ್ಟಿ ಹೆಣೆದು ಬದುಕಿದವಳು. ಗಂಡುಮಕ್ಕಳಿದ್ದಿದ್ದರೆ ಅವರ ಮೊದಲ ಹೆಣ್ಣುಮಕ್ಕಳೆಲ್ಲ ನ್ಯಾಕಿಯೊಗಳೇ ಆಗುತ್ತಿದ್ದರು. ಅವಳಿಗೆ ಇದ್ದದ್ದು ವರಿಗಿಯಾ ಒಬ್ಬಳೇ. ಆ ಹೆಸರು ಉಳಿಯಬೇಕಾದರೆ ಈ ಒಂದೇ ಹೊಟ್ಟೆಯಿಂದ ಬರಬೇಕಿತ್ತು.

ಎರಡನೇ ಹುಡುಗಿ ಹುಟ್ಟಿದ ದಿನ ಮುದುಕಿ ಕರಿ ಅವರೆಯ ಮಡಕೆ ಹೊತ್ತು ನದಿ ದಾಟಿ ಬಂದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಾನು ಹುಟ್ಟಿದೀನಂತೆ, ಹೆಂಗಿದೀನಿ ಅಂತ ನೋಡ್ಕೊಂಡು ಬರ್ತೀನಿ" ಎಂದಳಂತೆ. ಸಂತೆಯಲ್ಲಿ ವಾರಗಟ್ಟಲೆ ಅದೇ ಮಾತು, ಅದೇ ನಗು. ವರಿಗಿಯಾ ಆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು "ಅವ್ವಾ, ಸುಮ್ನಿರವ್ವಾ" ಎಂದು ತೂಗುತ್ತ ಉತ್ತರಪತ್ರಿಕೆ ತಿದ್ದುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ.

ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಿಸಿಲೇ ಕಾಣುವುದಿಲ್ಲ, ಮಂಜು ಮಧ್ಯಾಹ್ನದವರೆಗೂ ಕಾಫಿ ಗಿಡಗಳ ನಡುವೆ ಕೂತೇ ಇರುತ್ತದೆ. ಆ ಚಳಿಯಲ್ಲಿ ಮಗುವಿನ ಎದೆ ಕಟ್ಟಿತು. ಮೂರು ದಿನ ಉಸಿರಿಗಾಗಿ ಒದ್ದಾಡಿತು. ಎಂಟು ತಿಂಗಳ ಕೂಸು. ಬಾಳೆಗಿಡಗಳ ಪಕ್ಕದಲ್ಲಿ ಗಂಡಸರು ಗುಂಡಿ ತೋಡಿದರು, ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಣ್ಣು ಮುಚ್ಚಿ ಎಲ್ಲರೂ ಗಂಜಿ ಕುಡಿದು ಹೋದೆವು.

ಹದಿಮೂರನೇ ದಿನ ವರಿಗಿಯಾ ಶಾಲೆಗೆ ಬಂದಳು. ಅಳಲಿಲ್ಲ. ಅಳುತ್ತಾಳೆಂದು ನಾನು ಕರವಸ್ತ್ರ ಇಟ್ಟುಕೊಂಡೇ ಹೋಗಿದ್ದೆ. ಮುಚ್ಚಳಗಳನ್ನು ಜೋಡಿಸಿದಳು, ಕೇಳಬೇಕಾದದ್ದನ್ನು ಕೇಳಿದಳು, ಸರಿ ಎಂದಳು, ತಪ್ಪು ಎಂದಳು. ರೇಡಿಯೋದಲ್ಲಿ ಕಾಫಿ ದರ ಓದುವವರ ದನಿ ಅವಳದು. ಮಕ್ಕಳು ಕೂಗಿದರೂ ಅಷ್ಟೆ, ಸುಮ್ಮನಿದ್ದರೂ ಅಷ್ಟೆ. ಒಂದು ದಿನ ನಾನೇ ಬೇಕೆಂದು ಗೋಡೆಗೆ ಒಂದು ಗುದ್ದಿ ಕಾದೆ. ಉತ್ತರ ಬರಲಿಲ್ಲ. ಊಟ ಮಾಡು ಅಂದರೆ ಮಾಡುತ್ತಿದ್ದಳು. ಹೇಳದಿದ್ದರೆ ಡಬ್ಬಿ ತೆರೆಯುತ್ತಲೇ ಇರಲಿಲ್ಲ. ತಾಯಿ ಬಂದರೆ "ಬಾ" ಅನ್ನುತ್ತಿದ್ದಳು. "ಅವ್ವಾ" ಎಂಬ ಮಾತು ಅವಳ ಬಾಯಿಂದ ನಿಂತೇಹೋಗಿತ್ತು.

ಹೆಂಗಸರು ಸಮಾಧಾನ ಹೇಳಿದರು. ನಮ್ಮಲ್ಲಿ ಇದಕ್ಕೂ ಒಂದು ದಾರಿಯಿದೆ: ಸಣ್ಣದರಲ್ಲೇ ಹೋದ ಮಗುವನ್ನು ಸರದಿಗೆ ಹಿಡಿಯುವುದಿಲ್ಲ. ಮುಂದಿನ ಹುಡುಗಿಗೆ ಅದೇ ಹೆಸರು ಇಟ್ಟುಬಿಡುತ್ತಾರೆ, ಅವಳೇ ಮರಳಿ ಬಂದಳು ಎನ್ನುತ್ತಾರೆ, ಹೋದವಳ ಮಾತು ಅಲ್ಲಿಗೆ ಮುಗಿಯುತ್ತದೆ. "ಇನ್ನೊಂದು ಹೆರು, ಅದೇ ಹೆಸರಿಡು, ಎಲ್ಲಾ ಸರಿಹೋಗುತ್ತೆ" ಎಂದು ನಾನೂ ಹೇಳಿದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅವಳು ನನ್ನ ಮುಖ ನೋಡಿ "ಹೂಂ" ಎಂದಳು.

ಮರು ಜನವರಿಯಲ್ಲಿ ಹೆಸರಿನ ಪಾಠ ನಡೆಯಲಿಲ್ಲ. ಮೊದಲ ದಿನವೇ ಮುಚ್ಚಳಗಳ ಚೀಲ ಸುರಿದಳು. ಆ ವರ್ಷವೇ ಮತ್ತೆ ಬಸುರಾದಳು. ಹಿಂದಿನ ಹೆರಿಗೆಗಳೆಲ್ಲ ಹೊಟ್ಟೆ ಕೊಯ್ದೇ ಆಗಿದ್ದರಿಂದ ಡಾಕ್ಟರು, ಇದೇ ಕೊನೆ, ಇನ್ನೊಂದಕ್ಕೆ ಕೈಹಾಕಿದರೆ ನೀನು ಉಳಿಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಸುದ್ದಿ ಎರಡೂ ದಿಣ್ಣೆಗೆ ಹರಡಿತು. ಗಂಡಾದರೆ ನ್ಯಾಕಿಯೊಳ ಹೆಸರು ಮುಗಿಯಿತು. ಹೆಣ್ಣಾದರೆ ಉಳಿಯಿತು. ಅತ್ತೆ ಮುಕಾಮಿ ದೊಡ್ಡ ಮನಸ್ಸಿನವಳು, ಸಂತೆಯಲ್ಲಿ ಎಲ್ಲರ ಮುಂದೆ, "ಹುಡುಗಿಯಾದ್ರೆ ನಮ್ಮ ಬೀಗಿತ್ತಿ ಹೆಸರೇ. ನಮ್ಮ ಕಡೆಯವರು ಯಾರೂ ಸರದಿ ಕೇಳಲ್ಲ" ಎಂದು ಮಾತು ಕೊಟ್ಟಳು. ಹೋದವಳನ್ನೂ ಹಿಡಿದರೆ ಸರದಿ ಕೇಳಬೇಕಾಗಿದ್ದವಳು ಕಿಬೂಚಿಯ ಅಕ್ಕ ವಂಜೇರಿ. ಜಗಳಗಂಟಿ, ನಕೂರು ಪೇಟೆಯಲ್ಲಿರುವವಳು, ಎರಡು ವರ್ಷದಿಂದ ತವರಿಗೆ ಕಾಲಿಟ್ಟಿರಲಿಲ್ಲ. ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಪ್ರತಿ ಭಾನುವಾರ ನ್ಯಾಕಿಯೊ ನದಿ ದಾಟಿ ಬಂದು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, "ಎಲ್ಲಿದೀನೇ ನಾನು? ಒದೀತಿದೀನಾ?" ಎಂದು ಕೇಳುತ್ತಿದ್ದಳು. ಸುತ್ತ ಕೂತವರು ನಗುತ್ತಿದ್ದರು. ವರಿಗಿಯಾ ಗೋಡೆ ನೋಡುತ್ತಿದ್ದಳು.

ಸೆಪ್ಟೆಂಬರಿನ ಒಂದು ದಿನ ನನ್ನ ಮಕ್ಕಳಿಗೆ ಬರೆಯಲು ಕೊಟ್ಟು, ಸೀಮೆಸುಣ್ಣ ಕೇಳಲು ಅವಳ ಕೋಣೆಗೆ ಹೋದೆ. ಕರಿಹಲಗೆಯ ಮೇಲೆ ಐದು, ಹತ್ತು, ಒಂದು ಖಾಲಿ ಚೌಕ, ಇಪ್ಪತ್ತು, ಇಪ್ಪತ್ತೈದು ಎಂದಿತ್ತು. ಮಕ್ಕಳು ಅದನ್ನು ನೋಡಿ ಬರೆದುಕೊಂಡು ಮುಂದುವರಿಸಬೇಕಿತ್ತು. ಮುಂದಿನ ಬೆಂಚಿನ ಜಾಂಬಿ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಪುಸ್ತಕ ತಂದಳು. ಅವಳ ಪುಸ್ತಕದಲ್ಲಿ ಚೌಕವೇ ಇರಲಿಲ್ಲ. ಐದು, ಹತ್ತು, ಇಪ್ಪತ್ತು, ಇಪ್ಪತ್ತೈದು ಎಂದು ಒತ್ತೊತ್ತಾಗಿ ಬರೆದಿದ್ದಳು.

"ಚೌಕ ಎಲ್ಲೇ?" ಎಂದಳು ವರಿಗಿಯಾ.

"ಅದು ಖಾಲಿ ಇತ್ತಲ್ಲ ಟೀಚರ್. ಅದಕ್ಕೇ ಬಿಟ್ಟೆ."

"ಸರಿ. ಇಲ್ಲಿ ಏನಾಗ್ತಿದೆ ಹೇಳು."

ಹುಡುಗಿ ಬೆರಳಿಟ್ಟು ನೋಡಿದಳು. "ಐದು ಜಾಸ್ತಿ ಆಯ್ತು. ಆಮೇಲೆ ಹತ್ತು ಜಾಸ್ತಿ ಆಯ್ತು. ಆಮೇಲೆ ಮತ್ತೆ ಐದು..." ಅವಳ ಮುಖ ಸಪ್ಪಗಾಯಿತು. "ಮುಂದಿನದು ಮೂವತ್ತೈದಾ ಟೀಚರ್? ಹತ್ತು ಸೇರಿಸ್ಬೇಕಾ?"

"ಐದನೇ ಅಂಕಿ ಯಾವುದು?"

ಜಾಂಬಿ ತನ್ನ ಪುಸ್ತಕದಲ್ಲಿದ್ದ ನಾಲ್ಕು ಅಂಕಿ ಎಣಿಸಿ, ಅದರ ಮುಂದಿನದೆಂದು "ಮೂವತ್ತೈದು" ಎಂದಳು. ಹಲಗೆಯ ಮೇಲೆ ಐದನೇ ಜಾಗದಲ್ಲಿ ಇಪ್ಪತ್ತೈದು ಇತ್ತು.

"ನೋಡು, ಅಂಕಿ ಕಾಣಿಸ್ತಿಲ್ಲ ಅಷ್ಟೆ, ಅದರ ಜಾಗ ಇದೆ" ಎಂದು ವರಿಗಿಯಾ ಅದೇ ಕಾಫಿ ದರದ ದನಿಯಲ್ಲಿ ಹೇಳತೊಡಗಿದಳು. "ಮೂರನೆಯದು ಇಲ್ಲ ಅಂತ ಎಳೆದು ಹತ್ತಿರ ಮಾಡಿದ್ರೆ, ನಾಲ್ಕನೆಯದು ಮೂರನೆಯದಾಗುತ್ತೆ, ಐದನೆಯದು ನಾಲ್ಕನೆಯದಾಗುತ್ತೆ. ಆಮೇಲೆ ಬರೋದೆಲ್ಲ..." ಅಷ್ಟಕ್ಕೆ ನಿಲ್ಲಿಸಿದಳು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೇ ಇದ್ದಳು. ಮಕ್ಕಳು ಗದ್ದಲ ಶುರುಮಾಡಿದರು, ಯಾರೋ ಯಾರನ್ನೋ ಚಿವುಟಿದರು. ಕೊನೆಗೆ ನಾನೇ ಗದರಿಸಿ ಕೂರಿಸಿದೆ.

ಬಿಡುವಿನಲ್ಲಿ ಶಾಲೆಯ ಹಿಂದೆ ಚಹಾ, ಬೇಯಿಸಿದ ಗೆಣಸು ಇಟ್ಟುಕೊಂಡು ಕೂತೆವು. ಅವಳು ಗೆಣಸಿನ ಸಿಪ್ಪೆ ಸುಲಿದು ಸುಲಿದು ಇಡುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಮುಗುರೆ ಅಕ್ಕ, ಹುಡುಗಿ ಹುಟ್ಟಿದ್ರೆ ನಾನು ವಂಜೇರಿ ಅಂತ ಹೆಸರಿಡ್ತೀನಿ."

ನಾನು ಗೆಣಸು ಕೆಳಗಿಟ್ಟೆ. "ನಿನಗೇನು ತಲೆ ಕೆಟ್ಟಿದೆಯಾ? ಆ ಜಗಳಗಂಟಿ ಹೆಸರಾ? ಅವಳು ನಿನಗೇನು ಕೊಟ್ಟಿದಾಳೆ?"

"ಏನೂ ಕೊಟ್ಟಿಲ್ಲ. ಮೂರನೇ ಹುಡುಗಿಗೆ ಅವಳ ಹೆಸರು."

"ಯಾವ ಮೂರನೆಯವಳೇ? ಇವಳು ಎರಡ..." ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ನೀರಿರಲಿಲ್ಲ.

ಆದರೂ ನಾನು ಬಿಡುವವಳಲ್ಲ. "ನಿಮ್ಮಮ್ಮನಿಗೆ ನೀನು ಬಿಟ್ರೆ ಗತಿಯಿಲ್ಲ ಕಣೆ. ಡಾಕ್ಟರು ಬೇರೆ ಇದೇ ಕೊನೆ ಅಂದಿದಾರೆ. ಆ ಮುದುಕಿ ಹೆಸರು ಮಣ್ಣಾಗಿ ಹೋಗುತ್ತಲ್ಲೇ."

"ಗೊತ್ತು."

"ಗೊತ್ತಿದ್ದೂ ಮಾಡ್ತೀಯಾ?"

"ಗೊತ್ತು ಅಂದೆನಲ್ಲಕ್ಕ."

ಗಂಡನಿಗೂ ಹೇಳಿರಲಿಲ್ಲವಂತೆ. ನನಗೆ ಕೋಪ ಬಂತು. ಸತ್ತ ಕೂಸಿಗಾಗಿ ಬದುಕಿರುವ ತಾಯಿಯನ್ನು ಕೊಲ್ಲುತ್ತಾಳಲ್ಲ ಎನಿಸಿತು. ಆಮೇಲೆ ಎರಡು ತಿಂಗಳು, ಗಂಡು ಹುಟ್ಟಲಪ್ಪ ದೇವರೇ, ಈ ಪೀಕಲಾಟವೇ ಬೇಡ ಎಂದು ಬೇಡಿಕೊಂಡೆ.

ನವೆಂಬರಿನಲ್ಲಿ ಹುಡುಗಿ ಹುಟ್ಟಿತು. ವರಿಗಿಯಾ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಂಗಳದಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಮೂರು ಕೇಕೆ ಹಾಕಿದೆವು. ಗಂಡಾದರೆ ಐದು ಹಾಕುತ್ತೇವೆ. ಒಳಗೆ ಮಂಚದ ಮೇಲೆ ವರಿಗಿಯಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲ ಬಳಿ ಕಿಬೂಚಿ. ಹಾಸಿಗೆಯ ಪಕ್ಕದಲ್ಲಿ ನ್ಯಾಕಿಯೊ. ಹೊಸ ಉಡುಪು ತೊಟ್ಟಿದ್ದಳು, ತಲೆಗೆ ಹಳದಿ ವಸ್ತ್ರ ಕಟ್ಟಿದ್ದಳು, ಬಾಣಂತಿಗೆ ಬೇಯಿಸಿದ ಕರಿ ಅವರೆಯ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಎಪ್ಪತ್ತರ ಮುದುಕಿ ಮದುಮಗಳ ಹಾಗೆ ನಾಚುತ್ತಿದ್ದಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಪದ್ಧತಿಯಂತೆ ಅತ್ತೆ ಮುಕಾಮಿ ಕೇಳಿದಳು: "ಯಾರು ಬಂದ್ರು ನಮ್ಮನೆಗೆ?"

"ವಂಜೇರಿ" ಎಂದಳು ವರಿಗಿಯಾ.

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಕಿಬೂಚಿ "ಏಯ್, ಏನು ಹೇಳ್ತಿದೀಯಾ" ಎಂದು ಒಳಗೆ ಬಂದ. ಮುಕಾಮಿ ಅವನನ್ನು ಕೈಯಿಂದ ತಡೆದು, ಮೆಲ್ಲಗೆ, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ ಹೇಳಿದಳು: "ಸರದಿ ತಪ್ತು ಕಣಮ್ಮ. ಇವಳು ಎರಡನೆಯವಳು. ನಿಮ್ಮಮ್ಮನ ಸರದಿ. ನಾವೆಲ್ಲ ಒಪ್ಪಿದೀವಲ್ಲ."

"ಎರಡನೆಯವಳು ಬಂದಿದ್ಲು ಅತ್ತೆ. ಎಂಟು ತಿಂಗಳು ಇದ್ಲು. ಇವಳು ಮೂರನೆಯವಳು."

"ಹೋದವರನ್ನ ಹಿಡೀತಾರೇನೇ?"

ವರಿಗಿಯಾ ತಾಯಿಯ ಕಡೆ ತಿರುಗಿದಳು. ಒಂದೂಕಾಲು ವರ್ಷದ ಮೇಲೆ ಆ ಮಾತು ಅವಳ ಬಾಯಿಂದ ಬಂತು. "ಅವ್ವಾ, ನಿನ್ನ ಹೆಸರು ಇಟ್ಟಾಗಿದೆ. ಅವಳೇ ನೀನು. ಈಗ ಇವಳಿಗೂ ಇಟ್ಟುಬಿಟ್ರೆ, ಅವಳು ಬಂದೇ ಇರ್ಲಿಲ್ಲ ಅಂತಾಗುತ್ತೆ. ನನ್ನ ಕೈಲಿ ಆಗಲ್ಲವ್ವಾ. ನೀನು ಬಯ್ಯಿ, ನದಿ ದಾಟಿ ಬರೋದೇ ಬಿಡು, ನನ್ನ ಕೈಲಿ ಆಗಲ್ಲ."

ನ್ಯಾಕಿಯೊ ಮಡಕೆಯನ್ನು ನೆಲಕ್ಕಿಟ್ಟಳು. ತಲೆಯ ಹಳದಿ ವಸ್ತ್ರವನ್ನು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡಳು. ಎದ್ದು ಹೊರಟೇಬಿಡುತ್ತಾಳೆ ಎಂದುಕೊಂಡೆ. ಹೋದರೆ ಅವಳ ಕೈಹಿಡಿದು ದಾರಿಯವರೆಗೆ ಹೋಗಬೇಕೆಂದು ನಾನೂ ಏಳಲು ಸಿದ್ಧಳಾದೆ.

ಅವಳು ಏಳಲಿಲ್ಲ. ವಸ್ತ್ರದ ಮಡಿಕೆಯನ್ನೇ ನೋಡುತ್ತ ಹೇಳಿದಳು: "ಒಬ್ಬಳು ನಡೀತಿದ್ಲು. ಬಾಗಿಲ ಹೊಸ್ತಿಲು ಒಂದು ದಾಟೋಕೆ ಬರ್ತಿರ್ಲಿಲ್ಲ. ಇನ್ನೊಬ್ಬಳು ಕೂರೋದೂ ಕಲಿತಿರ್ಲಿಲ್ಲ."

"ಯಾರವ್ವಾ?" ಎಂದಳು ವರಿಗಿಯಾ.

"ನಿನಗಿಂತ ಮುಂಚಿನವರು. ಇಬ್ಬರಿಗೂ ನಿಮ್ಮಪ್ಪನ ತಾಯಿ ಹೆಸರೇ, ವರಿಗಿಯಾ ಅಂತಲೇ. ನೀನು ಹುಟ್ಟಿದಾಗ ಮತ್ತೆ ಅದೇ ಇಟ್ರು. ಬಂದ್ಲಲ್ಲ, ಇನ್ಯಾಕೆ ಅಳ್ತೀಯಾ ಅಂದ್ರು. ನಾನೂ ಹೂಂ ಅಂದೆ. ಮೂವತ್ತಾರು ವರ್ಷ ಆಯ್ತು, ಕೇಳಿದವರಿಗೆಲ್ಲ ಒಬ್ಬಳೇ ಮಗಳು ಅಂತ ಹೇಳ್ಕೊಂಡು ಬಂದೆ."

ಮುದುಕಿ ಮುಂದೆ ಬಾಗಿ ಕೂಸನ್ನು ಎತ್ತಿಕೊಂಡು ಅದರ ಮುಖ ನೋಡಿದಳು, "ವಂಜೇರಿ" ಎಂದು ಕರೆದಳು. ಆಮೇಲೆ ಮಗಳ ಕಡೆ ನೋಡಿದಳು.

"ನೀನು ನನ್ನ ಮೂರನೆಯವಳು ಕಣೆ" ಎಂದಳು.